ಬಾಗಿಲ ಹಿಂದಿನ ಪೆಟ್ಟಿಗೆ

ವರದಾ ನದಿಯ ದಂಡೆಯ ಮೇಲೆ ಅಡವಯ್ಯಜ್ಜನ ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ಒಂದು ಕೋಣೆ, ಮುಂದೊಂದು ಚಪ್ಪರ, ಪಕ್ಕದಲ್ಲಿ ಬೇವಿನ ಮರ. ವಿಭೂತಿ, ರುದ್ರಾಕ್ಷಿ ಕಾಣುತ್ತವೆಂದು ಬಂದವರಿಗೆ ಅಲ್ಲಿ ಕಾಣುತ್ತಿದ್ದದ್ದು ಗರಗಸ, ಅಂಟು, ಹಲಗೆಯ ಹೊಟ್ಟು.

ಅಜ್ಜಾರು ಧ್ವನಿಪೆಟ್ಟಿಗೆ, ಅಂದರೆ ಸ್ಪೀಕರಿನ ಡಬ್ಬಿ, ಕಟ್ಟುತ್ತಿದ್ದರು. ಸುತ್ತಲಿನ ಊರಿನ ಭಜನಾ ಮಂಡಳಿಗೆ, ಗುಡಿಗೆ, ಶಾಲೆಗೆ. ಉಪದೇಶ ಬೇಕೆಂದವರಿಗೆ ಕೆಲಸ ಮುಗಿದ ಮೇಲೆ ಬನ್ನಿ ಅನ್ನುತ್ತಿದ್ದರು. ಕೆಲಸ ಮುಗಿಯುತ್ತಿದ್ದದ್ದು ಅಪರೂಪ.

ಅವರ ಶಿಷ್ಯ ಸೋಮನಿಂಗ. ಬಂದ ದಿನವೇ ಕಾಲಿಗೆ ಬಿದ್ದು ಕೇಳಿದ್ದ.

“ಅಜ್ಜಾರ, ನಾದ ಅನ್ನೂದು ಎಲ್ಲಿರ್ತೈತ್ರಿ?”

ಅಜ್ಜಾರು ಅವನ ಕೈಗೆ ಒಂದು ಉಪ್ಪುಕಾಗದ ಕೊಟ್ಟರು.

“ಆ ಹಲಗಿ ತಿಕ್ಕು.”

ತಿಕ್ಕಿದ. ತಿಕ್ಕುತ್ತ ತಿಕ್ಕುತ್ತ ಕೆಲಸ ಕಲಿತ. ಕಲಿತಂತೆಲ್ಲ ಒಂದಿಷ್ಟು ಜಂಬವೂ ಅಂಟಿಕೊಂಡಿತು. ಇಡೀ ದಿನ ಅಂಟಿನ ನಡುವೆ ಇರುವವನಿಗೆ ಅದೇನು ದೊಡ್ಡದಲ್ಲ ಬಿಡಿ.

ಕೊನೆಗೊಮ್ಮೆ ಅವನು ಯಾರ ಸಹಾಯವಿಲ್ಲದೆ ಒಂದು ಸಬ್‌ವೂಫರ್ ಕಟ್ಟಿದ. ತೀರ ತಗ್ಗಿನ ದನಿಗಳನ್ನು ಮಾತ್ರ ನುಡಿಸುವ ಪೆಟ್ಟಿಗೆ ಅದು, ಕಿವಿಗಿಂತ ಎದೆಗೆ ಹೆಚ್ಚು ತಾಗುವಂಥದ್ದು. ಮೂಲೆಗಳಿಗೆ ಹಿತ್ತಾಳೆ ಬಡಿದ. ಮೈಗೆ ಹೊಳಪು ಕೊಟ್ಟ. ದಿನಾ ಬೆಳಿಗ್ಗೆ ಎದ್ದು ಅದನ್ನು ಒರೆಸಿ, ಹೊಸ ಅಳಿಯನನ್ನು ನೋಡುವ ಅತ್ತೆಯ ಹಾಗೆ ನೋಡುತ್ತಿದ್ದ.

ಆಗ ಹೊಳೆ ದಾಟಿಕೊಂಡು ಹೊನ್ನವ್ವ ಬಂದಳು. ಡೊಳ್ಳಿನ ಮಾಳಿಂಗಪ್ಪನ ಮಗಳು.

“ಅಜ್ಜಾರ, ಅಪ್ಪಗ ಕಿವಿ ಪೂರಾ ಹೋಗ್ಯಾವ್ರಿ,” ಅಂದಳು. “ಗುಡುಗು ಹೊಡದ್ರೂ ತಿಳಿಯೂದಿಲ್ಲ. ಹೊರಸು ಹಿಡದು ಮಲಗ್ಯಾರ.”

ಅಜ್ಜಾರು ಕೇಳುತ್ತ ಕೂತರು.

“ರೇವಣಪ್ಪ ಕಾಕಾ ತೀರಿಹೋದ್ರಲ್ರಿ. ಸಣ್ಣವರಿದ್ದಾಗಿಂದ ಅವರಿಬ್ಬರೂ ಎದರಾಬದರ ನಿಂತು ಡೊಳ್ಳು ಬಾರಿಸಿದವ್ರು. ಅಪ್ಪ ಒಂದು ಏಟು ಹಾಕಿದ್ರ ಕಾಕಾ ಒಂದು ಏಟು. ಕಡೀ ಸರತಿ ಬಾರಿಸಿದ್ದು ನನ್ನ ಫೋನಿನ್ಯಾಗ ಐತಿ. ಊರೆಲ್ಲಾ ಕೇಳೇತಿ. ಅಪ್ಪ ಒಬ್ಬರ ಕೇಳಿಲ್ಲ.”

“ಈಗ ಏನು ಮಾಡ್ತಾನ?”

“ಹೊತ್ತು ಮುಳಗೂ ತನಕ ಹೊರಸಿನ ಕಟ್ಟಿಗಿ ಪಟ್ಟಿ ಬಡೀತಾರ್ರಿ. ಒಂದು ಏಟು ಹಾಕ್ತಾರ, ಸುಮ್ಮನಾಗ್ತಾರ. ಮತ್ತೊಂದು ಹಾಕ್ತಾರ, ಸುಮ್ಮನಾಗ್ತಾರ. ಮಂದಿ ತಲಿ ಕೆಟ್ಟೈತಿ ಅಂತಾರ.”

ಅಜ್ಜಾರು ತಮ್ಮ ತೊಡೆಯ ಮೇಲೆ ಹಾಗೇ ಒಂದು ಏಟು ಹಾಕಿ ನಿಲ್ಲಿಸಿದರು. ಮತ್ತೊಂದು ಹಾಕಿ ನಿಲ್ಲಿಸಿದರು. ಕಣ್ಣು ತುಂಬಿ ಬಂತು.

“ತಲಿ ಕೆಟ್ಟಿಲ್ಲವ್ವಾ. ರೇವಣಪ್ಪನ ಕೈಗೆ ಜಾಗಾ ಬಿಡಾಕತ್ತಾನ.”

ಹೊನ್ನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ಬಿಟ್ಟು ಹೇಳಿದಳು. “ಎದಿ ನಡುಗಿಸೂ ಡಬ್ಬಿ ಇರ್ತೈತಂತಲ್ರಿ. ಕಿವುಡ್ರಿಗೂ ಅದು ತಿಳೀತೈತಂತ. ಅಪ್ಪ ಕಣ್ಣು ಮುಚ್ಚೂದ್ರೊಳಗ ಒಂದ ಸರತಿ ಕಾಕಾನ ಕೈ ಅಪ್ಪಗ ತಿಳೀಲ್ರಿ. ಮತ್ತೇನೂ ಬ್ಯಾಡ.”

ಅಜ್ಜಾರು ಶಿಷ್ಯನ ಕಡೆ ತಿರುಗಿದರು.

“ನಿನ್ನ ಪೆಟಗಿ ಕೊಡ್ತೀಯೇನು?”

ಸೋಮನಿಂಗನ ಮುಖ ಅರಳಿತು.

“ಕೊಡ್ತೀನ್ರಿ. ಎಲ್ಲಾರಿಗೂ ಕಾಣೂವಂಗ ಕುಂದರಸ್ತೀನಿ.”

“ಮದಲ ಹೋಗಿ ಜಾಗಾ ನೋಡಿ ಬಾ.”

ಅವನು ಅಳತೆಪಟ್ಟಿ ಹಿಡಿದು ಹೋದ. ಸಂಜೆ ಮುಖ ಇಳಿಬಿಟ್ಟುಕೊಂಡು ಬಂದ.

“ಜಾಗಾ ಇಲ್ರಿ ಅಜ್ಜಾರ. ಮನಿ ಅಂದ್ರ ಒಂದ ಖೋಲಿ. ಒಂದು ಗ್ವಾಡಿಗೆ ಬಾಗಲಾ. ಒಂದಕ್ಕ ಕಿಡಕಿ, ದೇವರ ಗೂಡು. ಹೊರಸಿನ ಕಡೆ ಜ್ವಾಳದ ಚೀಲಾ. ಎದುರಿನ ಗ್ವಾಡಿ ಒಂದು ಬಯಲಿತ್ತು, ಅದರ ನಟ್ಟನಡುವ ಮುದುಕನ ಡೊಳ್ಳು ತೂಗಿಬಿಟ್ಟಾರ.”

“ಜಾಗಾ ನೋಡಿ ಬಾ ಅಂದ್ರ ಗ್ವಾಡಿ ನೋಡಿ ಬಂದಿಯಲ್ಲೋ.”

“ಎರಡೂ ಒಂದ ಅಲ್ಲೇನ್ರಿ?”

ಅಜ್ಜಾರು ಹೊಳೆಯ ಕಡೆ ಕೈ ಮಾಡಿದರು.

“ಅಂಬಿಗ ಹೊಳಿ ಅಗಲಾ ಅಳದು ಹುಟ್ಟು ಹಾಕ್ತಾನೇನು?”

ಸೋಮನಿಂಗನಿಗೆ ಇದು ಅರ್ಥವಾಗಲಿಲ್ಲ. ಅರ್ಥವಾದವನ ಹಾಗೆ ತಲೆಯಾಡಿಸಿದ. ಎಡವಟ್ಟಾದದ್ದು ಅಲ್ಲೇ.

ಮರುದಿನ ಪೆಟ್ಟಿಗೆ ಹೊತ್ತುಕೊಂಡು ತಾನೇ ಹೋದ. ಹೊನ್ನವ್ವ ನೀರಿಗೆ ಹೋಗಿದ್ದಳು. ಮಾಳಿಂಗಪ್ಪ ನಿದ್ದೆಯಲ್ಲಿದ್ದ. ಸೋಮನಿಂಗ ಗೂಟದಿಂದ ಡೊಳ್ಳು ಇಳಿಸಿದ. ಧೂಳಾಗಬಾರದು ಎಂದು ಅದಕ್ಕೆ ಒಂದು ಕಂಬಳಿ ಸುತ್ತಿದ. ಹೊರಗೆ ಕಟ್ಟೆಯ ಮೇಲೆ ಜೋಪಾನವಾಗಿ ಇಟ್ಟ. ಗೋಡೆಗೆ ಹಲಗೆ ಜಡಿದು ಪೆಟ್ಟಿಗೆ ಏರಿಸಿದ.

ಹಿಂದೆ ಸರಿದು ನೋಡಿದ. ಅಳೆದು ಹೊಲಿದ ಅಂಗಿಯ ಹಾಗೆ ಕೂತಿತ್ತು.

ಅಷ್ಟರಲ್ಲಿ ಮಾಳಿಂಗಪ್ಪ ಕಣ್ಣು ಬಿಟ್ಟ.

ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಬಾರಿಸುವವನು ಸತ್ತಾಗ ಹೆಣ ಎತ್ತುವ ಮೊದಲು ಅವನ ಡೊಳ್ಳನ್ನು ಗೂಟದಿಂದ ಇಳಿಸುತ್ತಾರೆ. ಕಂಬಳಿ ಸುತ್ತಿ ಕಟ್ಟೆಯ ಮೇಲೆ ಇಡುತ್ತಾರೆ. ಸೋಮನಿಂಗನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅವನೂ ಯಾರನ್ನೂ ಕೇಳಿರಲಿಲ್ಲ.

ಮುದುಕ ಎದುರಿನ ಗೋಡೆ ನೋಡಿದ. ತೆರೆದ ಬಾಗಿಲಿನಿಂದ ಕಟ್ಟೆಯ ಮೇಲಿನ ಕಂಬಳಿಯ ಗಂಟು ನೋಡಿದ.

“ಆತು ಹಂಗಾರ,” ಅಂದ.

ಕಣ್ಣು ಮುಚ್ಚಿದ. ಹೊರಸಿನ ಪಟ್ಟಿಯ ಮೇಲಿದ್ದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡ.

ಸೋಮನಿಂಗ ಇದ್ಯಾವುದನ್ನೂ ಗಮನಿಸಲಿಲ್ಲ. ಅವನಿಗೆ ತಂತಿ ಜೋಡಿಸುವ ಅವಸರ. ಹೊನ್ನವ್ವ ಬಂದ ಕೂಡಲೇ ಅವಳ ಫೋನು ಇಸಕೊಂಡು ಅದರೊಳಗಿನ ಡೊಳ್ಳು ಹಚ್ಚಿದ. ಗೂಡಿನಲ್ಲಿದ್ದ ಲೋಟಗಳು ಕುಣಿದವು. ಹೆಂಚಿನ ಧೂಳು ಉದುರಿತು. ಪಕ್ಕದ ಮನೆಯವರು ಏನಾಯಿತು ಎಂದು ಓಡಿಬಂದರು.

ಹೊನ್ನವ್ವ ಹೊರಸಿನ ಮೇಲೆ ಅಂಗೈ ಇಟ್ಟಳು.

“ಇಲ್ಲಿ ನಡುಕ ಏನೂ ಇಲ್ಲಲ್ಲೋ ತಮ್ಮಾ.”

ಅವನು ದನಿ ಏರಿಸಿದ. ಲೋಟವೊಂದು ಕೆಳಗೆ ಬಿತ್ತು. ಮುದುಕ ಮಾತ್ರ ಮಿಸುಕಲಿಲ್ಲ.

ಮರುದಿನ ಬೆಳಿಗ್ಗೆ ಹೊನ್ನವ್ವ ಅಳುತ್ತ ಆಶ್ರಮಕ್ಕೆ ಬಂದಳು.

“ಅಪ್ಪ ಗಂಜಿ ಮುಟ್ಟವಲ್ರು. ನೀರೂ ಬ್ಯಾಡಂತ ಬಾಯಿ ಬಿಗಿ ಹಿಡದಾರ. ಡೊಳ್ಳು ಇಳಿಸಿದ್ದು ನೋಡಿ ತಮ್ಮದು ಮುಗೀತು ಅಂತ ತಿಳಕೊಂಡಾರ್ರಿ. ನಿನ್ನೆ ಗದ್ದಲದಾಗ ಅದು ನನ್ನ ಲಕ್ಷ್ಯಕ್ಕ ಬರಲಿಲ್ಲ. ಕಿವಿ ಕೇಳೂದಿಲ್ಲ, ಕಣ್ಣು ತಗಿಯೂದಿಲ್ಲ. ಹೆಂಗ ಹೇಳ್ಲಿ ನಾ ಅವರಿಗೆ?”

ಸೋಮನಿಂಗ ಬಾಗಿ ಅಜ್ಜಾರ ಪಾದ ಹಿಡಿದ.

“ತಪ್ಪಾತ್ರಿ. ಒಬ್ಬ ಮನಶ್ಯಾನ್ನ ಕೊಂದೆ.”

“ಇನ್ನೂ ಕೊಂದಿಲ್ಲ,” ಅಂದರು ಅಜ್ಜಾರು. “ಗರಗಸಾ ತಗೋ.”

ಮೂವರೂ ಹೊಳೆ ದಾಟಿದರು.

ಕಟ್ಟೆಯ ಮೇಲಿದ್ದ ಡೊಳ್ಳಿಗೆ ಅಜ್ಜಾರು ಮೊದಲು ಕೈ ಮುಗಿದರು. ತಾವೇ ಕಂಬಳಿ ಬಿಚ್ಚಿದರು. ಡೊಳ್ಳನ್ನು ಎತ್ತಿ ಶಿಷ್ಯನ ಕೈಗೆ ಕೊಟ್ಟರು.

“ತೂಗಿಬಿಡು.”

ಸೋಮನಿಂಗ ಎದುರಿನ ಗೋಡೆಯ ಗೂಟದ ಕಡೆ ನಡೆದ.

“ಅಲ್ಲೆ ಬ್ಯಾಡ. ಆತ ಕಣ್ಣು ಮುಚ್ಚ್ಯಾನ. ಕಣ್ಣಿಗೆ ತೋರಿಸಿ ಏನು ಮಾಡ್ತಿ? ಕೈಗೆ ಸಿಗೂವಂಗ ತೂಗು.”

ಹೊರಸಿನ ಪಕ್ಕದ ಗೋಡೆಯಲ್ಲಿ ಮುದುಕನ ರುಮಾಲು ಹಾಕುವ ಗೂಟ ಒಂದಿತ್ತು. ಸೋಮನಿಂಗ ಅದಕ್ಕೆ ಡೊಳ್ಳು ತೂಗುಬಿಟ್ಟ. ಡೊಳ್ಳಿನ ತೊಗಲು ಮಲಗಿದವನ ಭುಜಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಮಾಳಿಂಗಪ್ಪ ಕಣ್ಣು ತೆರೆಯಲಿಲ್ಲ.

“ಈಗ ಪೆಟಗಿ ಇಳಿಸು,” ಅಂದರು ಅಜ್ಜಾರು.

ಇಳಿಸಿದ.

“ಮಾಳಿಂಗಪ್ಪ ಎಲ್ಲಿ ಮಲಗ್ತಾನ?”

“ಹೊರಸಿನ ಮ್ಯಾಲ್ರಿ.”

“ಪೆಟಗಿ ಅಲ್ಲೆ ಮಲಗಿಸು.”

ಸೋಮನಿಂಗ ಗುರುವಿನ ಮುಖ ನೋಡಿದ. ಚೇಷ್ಟೆ ಇರಲಿಲ್ಲ. ಮುದುಕನನ್ನು ಹಾಸಿದ್ದ ಕೌದಿಯ ಸಮೇತ ಎತ್ತಿ ಹೊರಗೆ ಅಂಗಳದ ಮರದ ನೆರಳಿಗೆ ತಂದರು. ಒಣಗಿದ ಜೋಳದ ದಂಟಿನಷ್ಟೂ ಭಾರವಿರಲಿಲ್ಲ. ಹೊರಸಿನ ಮೇಲೆ, ಅವನ ತಲೆ ಇರುವ ಜಾಗದಲ್ಲಿ, ಪೆಟ್ಟಿಗೆ ಇಟ್ಟರು.

“ಹಚ್ಚು.”

ಪೆಟ್ಟಿಗೆಯಲ್ಲಿ ಡೊಳ್ಳು ನುಡಿಯತೊಡಗಿತು. ಅಡವಯ್ಯಜ್ಜಾರು ಧೋತರ ಎತ್ತಿ ಕಟ್ಟಿದರು. ನೆಲಕ್ಕೆ ಮಂಡಿಯೂರಿದರು. ಅಂಗೈ ಊರಿ, ತಲೆ ತಗ್ಗಿಸಿ, ಗೋಡೆಯ ಬುಡ ಹಿಡಿದುಕೊಂಡು ಅಂಬೆಗಾಲಿಡುತ್ತ ಹೊರಟರು.

ಬಾಗಿಲಲ್ಲಿ ಮಂದಿ ನೆರೆದಿತ್ತು. ಒಬ್ಬಾಕೆಗೆ ನಗು ತಡೆಯಲಾಗಲಿಲ್ಲ.

“ಅಜ್ಜಾರ, ಏನು ಕಳಕೊಂಡೀರಿ?”

“ಸಿಕ್ಕ ಮ್ಯಾಲ ಹೇಳ್ತೀನವ್ವಾ,” ಅಂದರು ಅಜ್ಜಾರು. ತೆವಳುವುದು ನಿಲ್ಲಿಸಲಿಲ್ಲ.

ಸೋಮನಿಂಗನಿಗೆ ನಾಚಿಕೆಯಿಂದ ಮೈ ಕುಗ್ಗಿತು. ಊರೆಲ್ಲ ಕಾಲಿಗೆ ಬೀಳುವ ಗುರು ಜೋಳದ ಚೀಲದ ಸಂದಿಯಲ್ಲಿ ಮೂಗು ತೂರಿಸಿದ್ದರು.

“ಏಳ್ರಿ ಅಜ್ಜಾರ. ಈ ಖೋಲಿ ಪೂರಾ ನಾ ನೋಡೇನ್ರಿ.”

“ನಿಂತು ನೋಡೀದಿ,” ಅಂದರು ಅಜ್ಜಾರು. “ಬಾ, ಇಳಿ.”

ಇಳಿದ.

ಮೊದಲು ಎದುರಿನ ಗೋಡೆಯ ನಡುಮಧ್ಯಕ್ಕೆ ತೆವಳಿದ. ತಾನು ಡೊಳ್ಳು ಇಳಿಸಿ ಬಿಡಿಸಿಕೊಂಡಿದ್ದ ಜಾಗ ಅದು. ಅಲ್ಲಿ ಡೊಳ್ಳಿನ ದನಿ ಬಡವಾಗಿತ್ತು. ದೂರದ ಓಣಿಯಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ ಕೇಳುತ್ತಿತ್ತು. ಒಂದು ಮೊಳ ಮುಂದೆ ಹೋದ. ದನಿ ತುಸು ದಪ್ಪವಾಯಿತು. ಕಿಟಕಿಯ ಕೆಳಗೆ ಮತ್ತೆ ಸೊರಗಿತು. ಪೆಟ್ಟಿಗೆ ಅದೇ, ಕೋಣೆ ಅದೇ, ಬಾರಿಸುತ್ತಿದ್ದ ಕೈಯೂ ಅದೇ. ಆದರೂ ಇಲ್ಲಿ ಇತ್ತು, ಅಲ್ಲಿ ಇರಲಿಲ್ಲ. ಇಷ್ಟು ದಿನ ದನಿ ಹೊಗೆಯ ಹಾಗೆ ಎಲ್ಲ ಕಡೆ ಒಂದೇ ಸಮ ತುಂಬುತ್ತದೆಂದು ಅವನು ತಿಳಿದಿದ್ದ.

ಅವನು ತಲೆ ಎತ್ತಿ ಕೂಗಿದ.

“ಅಜ್ಜಾರ, ಇದಕ್ಕ ಕಾಲು ಅದಾವ್ರಿ. ಓಡಾಡಾಕತ್ತೈತಿ.”

“ಎಲ್ಲಿ ಕೂತೈತಿ, ಹುಡಕು.”

ತೆವಳುತ್ತ ತೆವಳುತ್ತ ಬಾಗಿಲ ಹತ್ತಿರ ಬಂದ. ತೆರೆದ ಬಾಗಿಲಿನ ಹಿಂದೆ, ಕದಕ್ಕೂ ಗೋಡೆಯ ಮೂಲೆಗೂ ನಡುವೆ, ಒಂದು ಸಂದಿ ಇತ್ತು. ಕಸಬರಿಗೆ ನಿಲ್ಲಿಸುವ ಜಾಗ. ಅಲ್ಲಿ ತಲೆ ಹಾಕಿದ.

ಎದೆಯೊಳಗೆ ಯಾರೋ ಬಾರಿಸಿದಂತಾಯಿತು. ಹಲ್ಲು ಅದುರಿದವು. ಊರಿದ ಅಂಗೈ ಕೆಳಗೆ ನೆಲ ಉಸಿರಾಡಿತು. ಒಂದು ಏಟು, ಅದಕ್ಕೆ ಮರು ಏಟು. ಎರಡು ಕೈಗಳು ಅವನಿಗೆ ಬೇರೆ ಬೇರೆಯಾಗಿ ತಿಳಿದವು, ಒಂದು ತುಸು ಒರಟು, ಇನ್ನೊಂದು ತುಸು ನಿಧಾನ. ಕಣ್ಣಲ್ಲಿ ನೀರು ಬಂತು. ಯಾಕೆಂದು ಗೊತ್ತಾಗಲಿಲ್ಲ.

“ಇಲ್ಲೇ ಐತ್ರಿ,” ಅಂದ.

“ಆತ ಮಲಗೂ ಕಡೆಯಿಂದ ದನಿ ಎಲ್ಲಿಗೆ ಬಂದು ಕೂಡ್ತೈತೋ, ಅಲ್ಲಿಂದನ ಅದು ಆತನ ಕಡೆ ಹೋಗ್ತೈತಿ,” ಅಂದರು ಅಜ್ಜಾರು. “ಪೆಟಗಿ ಅಲ್ಲೆ ಇಡು.”

ಸೋಮನಿಂಗ ಸಂದಿ ನೋಡಿದ. ತನ್ನ ಪೆಟ್ಟಿಗೆ ನೋಡಿದ.

“ಹಿಡಿಯೂದಿಲ್ರಿ.”

“ಗ್ವಾಡಿ ಒಡೀತೀಯೋ, ಪೆಟಗಿ ಒಡೀತೀಯೋ?”

ಅವನು ಪೆಟ್ಟಿಗೆಯ ಮೇಲೆ ಕೈಯಾಡಿಸಿದ. ಹಿತ್ತಾಳೆಯ ಮೂಲೆಗಳ ಮೇಲೆ ಬಿಸಿಲು ಬಿದ್ದಿತ್ತು. ಹೊರಗೆ ಮುದುಕನ ತುಟಿ ಒಣಗಿ ಬಿರಿದಿತ್ತು. ಹೊನ್ನವ್ವ ಒದ್ದೆ ಬಟ್ಟೆ ಹಿಡಿದರೆ ಅವನು ಮುಖ ತಿರುಗಿಸುತ್ತಿದ್ದ.

ಸೋಮನಿಂಗ ಗರಗಸ ಎತ್ತಿಕೊಂಡ.

“ತಡಿ,” ಅಂದರು ಅಜ್ಜಾರು. “ಅವ್ವಾ ಹೊನ್ನವ್ವಾ, ಒಂದು ಚೀಲಾ ಬಿಚ್ಚು.”

ಪೆಟ್ಟಿಗೆಯೊಳಗಿನ ಸ್ಪೀಕರ್ ತೆಗೆಸಿದರು. ಬಾಯಿತನಕ ಜೋಳ ತುಂಬಿಸಿದರು. ಆಮೇಲೆ ಆ ಜೋಳವನ್ನೆಲ್ಲ ಇನ್ನೊಂದು ಕೌದಿಯ ಮೇಲೆ ಸುರುವಿಸಿದರು.

“ಇದು ನಿನ್ನ ಪೆಟಗಿ ಉಸಿರು. ಆಕಾರ ಹೆಂಗರ ಆಗಲಿ, ಇಷ್ಟು ಜ್ವಾಳಾ ಹಿಡೀಬೇಕು. ಉಸಿರು ಕಮ್ಮಿ ಆದ್ರ ದನಿ ಸಾಯ್ತೈತಿ.”

ಸೋಮನಿಂಗ ತನ್ನ ಮೊದಲ ಪೆಟ್ಟಿಗೆಯನ್ನು ತಾನೇ ಕೊಯ್ದ. ಹಿತ್ತಾಳೆ ಕಿತ್ತು ಬದಿಗಿಟ್ಟ. ಜೊತೆಗೆ ತಂದಿದ್ದ ಹಲಗೆಗಳನ್ನು ಸೇರಿಸಿ ತೆಳ್ಳಗೆ, ಉದ್ದಕ್ಕೆ ಕಟ್ಟಿದ. ಅಂಟು ಒಣಗುವಷ್ಟು ಹೊತ್ತು ಇರಲಿಲ್ಲ. ಸ್ಕ್ರೂ ಬಿಗಿದು ಸಂದಿಗಳಿಗೆಲ್ಲ ಮೇಣ ತುಂಬಿದ. ಹೊಳಪೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ನೋಡಿದರೆ ಯಾರೋ ಮರೆತು ಹೋದ ಹಲಗೆಯ ಹಾಗಿತ್ತು.

ಕೌದಿಯ ಮೇಲಿನ ಜೋಳ ಸುರುವಿದ. ಪೆಟ್ಟಿಗೆ ನುಂಗುತ್ತ ಹೋಯಿತು. ಕೊನೆಯ ಹಿಡಿ ಹಾಕಿದಾಗ ಬಾಯಿಗೆ ಸಮ ನಿಂತಿತು. ಬಾಗಿಲಲ್ಲಿ ನಗುತ್ತಿದ್ದವರು ಈಗ ಉಸಿರು ಬಿಗಿಹಿಡಿದಿದ್ದರು.

ಜೋಳ ತೆಗೆದು ಸ್ಪೀಕರ್ ಕೂಡಿಸಿ, ಕಸಬರಿಗೆಯನ್ನು ಹೊರಗಿಟ್ಟು, ಪೆಟ್ಟಿಗೆಯನ್ನು ಸಂದಿಯಲ್ಲಿ ನಿಲ್ಲಿಸಿದ. ಕದ ಅದನ್ನು ಮುಚ್ಚಿಕೊಂಡಿತು.

ಮಾಳಿಂಗಪ್ಪನನ್ನು ಮತ್ತೆ ಹೊರಸಿಗೆ ತಂದರು.

“ಹಚ್ಚು,” ಅಂದರು ಅಜ್ಜಾರು. “ಸಾವಕಾಶ.”

ಈ ಸಲ ಲೋಟ ಕುಣಿಯಲಿಲ್ಲ. ಧೂಳು ಉದುರಲಿಲ್ಲ. ಕಿವಿಗೆ ಬಂದದ್ದು ಅಷ್ಟಕ್ಕಷ್ಟೇ. ಎಲ್ಲ ಕೆಟ್ಟಿತು ಅಂದುಕೊಂಡ ಸೋಮನಿಂಗ.

ಆಗ ಹೊನ್ನವ್ವ ಕೈ ಎತ್ತಿ ತೋರಿಸಿದಳು.

ಗೂಟಕ್ಕೆ ತೂಗಿದ್ದ ಡೊಳ್ಳಿನ ಹಗ್ಗ ಅಲುಗುತ್ತಿತ್ತು. ತೊಗಲಿನ ಮೇಲೆ ಕೂತಿದ್ದ ಧೂಳು ಕಣಕಣವಾಗಿ ಎದ್ದು ಕುಣಿಯುತ್ತಿತ್ತು. ಹತ್ತಿರ ಹೋದವರಿಗೆ ಕೇಳಿಸಿತು. ಡೊಳ್ಳು ನುಡಿಯುತ್ತಿತ್ತು. ಕೋಲು ಇರಲಿಲ್ಲ. ಕೈ ಇರಲಿಲ್ಲ. ಯಾರೂ ಮುಟ್ಟದ ಡೊಳ್ಳು ತನ್ನಷ್ಟಕ್ಕೆ ತಾನು ಮೆಲ್ಲಗೆ ನುಡಿಯುತ್ತಿತ್ತು.

ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಕೈ ಮುಗಿದರು. ಯಾರಿಗೆ ಮುಗಿದರೋ ಅವರಿಗೇ ಗೊತ್ತಿರಲಿಲ್ಲ.

ಅಜ್ಜಾರು ಮಾಳಿಂಗಪ್ಪನ ಕೈಯನ್ನು ಎದೆಯ ಮೇಲಿನಿಂದ ಎತ್ತಿದರು. ಡೊಳ್ಳಿನ ತೊಗಲಿನ ಮೇಲೆ ಇಟ್ಟರು. ಬಿಟ್ಟರು.

ಕೈ ಜಾರಲಿಲ್ಲ.

ಬೆರಳುಗಳು ಮೊದಲು ಸುಮ್ಮನಿದ್ದವು. ಆಮೇಲೆ ಅಗಲವಾದವು. ಮುದುಕನ ಹುಬ್ಬು ಗಂಟಿಕ್ಕಿತು. ಒಂದು ಏಟು ಬಂತು, ಅದು ಅವನದೇ, ಅವನಿಗೆ ಗೊತ್ತಾಯಿತು. ಅವನು ಕಾದ. ಇಷ್ಟು ದಿನ ಹೊರಸಿನ ಪಟ್ಟಿಯ ಮೇಲೆ ಕಾದ ಹಾಗೆಯೇ ಕಾದ.

ಮರು ಏಟು ಬಂತು.

ಮಾಳಿಂಗಪ್ಪ ಕಣ್ಣು ತೆರೆದ.

“ರೇವಣ್ಣ,” ಅಂದ.

ಇನ್ನೊಂದು ಕೈ ತಾನಾಗಿ ಹೊರಸಿನ ಪಟ್ಟಿಗೆ ಇಳಿಯಿತು. ಅವನು ಬಾರಿಸಿದ. ತೊಗಲು ಉತ್ತರ ಕೊಟ್ಟಿತು. ಅವನು ಬಾರಿಸಿದ. ಉತ್ತರ ಬಂತು. ಒಂದು ಕಡೆ ರೇವಣಪ್ಪ ಯಾವತ್ತಿನ ಹಾಗೆ ಕೂದಲೆಳೆಯಷ್ಟು ತಡ ಮಾಡಿದ.

“ಇನ್ನೂ ತಡಾನ ಮಾಡ್ತೀಯಲ್ಲಲೇ,” ಅಂದ ಮಾಳಿಂಗಪ್ಪ. ನಕ್ಕ. ಬಿರಿದ ತುಟಿಯಿಂದ ರಕ್ತ ಜಿನುಗಿತು. ಅವನಿಗೆ ಅದು ಲೆಕ್ಕಕ್ಕಿರಲಿಲ್ಲ.

ಸೋಮನಿಂಗ ನಿಂತವನು ತನಗರಿವಿಲ್ಲದೆ ನೆಲಕ್ಕೆ ಮಂಡಿಯೂರಿದ್ದ.

ಬಾರಿಸಿದ್ದು ಮುಗಿಯಿತು. ತೊಗಲು ನಿಧಾನವಾಗಿ ಸುಮ್ಮನಾಯಿತು. ಮಾಳಿಂಗಪ್ಪ ಕೈ ತೆಗೆಯಲಿಲ್ಲ. ಮಗಳ ಕಡೆ ತಿರುಗಿದ.

“ಹೊನ್ನಿ, ಹಸಿವಾಗೇತಿ. ಎರಡು ಗಂಗಾಳ ಹಚ್ಚು.”

ಹೊನ್ನವ್ವ ಕಣ್ಣೊರೆಸಿಕೊಂಡು ಎರಡು ಗಂಗಾಳ ತಂದಳು. ಎರಡಕ್ಕೂ ಗಂಜಿ ಬಡಿಸಿದಳು. ಒಂದನ್ನು ಅಪ್ಪನ ಮುಂದೆ ಇಟ್ಟಳು. ಇನ್ನೊಂದನ್ನು ಎದುರಿಗೆ ಇಟ್ಟಳು. ನೆರೆದವರು ಹಿಂದೆ ಸರಿದು ಅಷ್ಟು ಜಾಗ ಬಿಟ್ಟುಕೊಟ್ಟರು.

ಮುದುಕ ಉಂಡ.

ಗುರು, ಶಿಷ್ಯ ಇಬ್ಬರೂ ಸಂಜೆಗೆ ಹೊಳೆಗೆ ಬಂದರು. ಉಸುಕು ಇನ್ನೂ ಬೆಚ್ಚಗಿತ್ತು. ಸೋಮನಿಂಗನ ಮಂಡಿ ತರಚಿ ಉರಿಯುತ್ತಿತ್ತು. ಅಜ್ಜಾರ ಮಂಡಿಯೂ ತರಚಿತ್ತು. ಇಬ್ಬರೂ ನೀರಿಗಿಳಿದು ತೊಳೆದುಕೊಂಡರು.

ಸೋಮನಿಂಗನಿಗೆ ಇನ್ನೂ ಅಂಗೈಯಲ್ಲಿ ಆ ನೆಲ ಉಸಿರಾಡುತ್ತಿತ್ತು.

“ಅಜ್ಜಾರ.”

“ಹೇಳು.”

“ಅಷ್ಟು ಮಂದಿ ಬಂದಿದ್ರು. ಪೆಟಗಿ ಎಲ್ಲೈತಿ ಅಂತ ಒಬ್ಬರೂ ಕೇಳಲಿಲ್ರಿ.”

ಅಜ್ಜಾರು ಬೊಗಸೆಯಲ್ಲಿ ನೀರು ಎತ್ತಿ ಹೊಳೆಗೇ ಬಿಟ್ಟರು.

“ರೇವಣಪ್ಪ ಎಲ್ಲಿ ಅಂತಾನೂ ಯಾರೂ ಕೇಳಲಿಲ್ಲ.”